ಹತ್ತು ಟೊಮೆಟೊ ಹಣ್ಣಾಗುವವರೆಗೆ

ಕಳೆದ ವಾರ ಹಾವೇರಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ನಳದ ಬುಡದಲ್ಲಿ ಒಂದು ಟೊಮೆಟೊ ಗಿಡ. ಯಾರೂ ನೆಟ್ಟದ್ದಲ್ಲವಂತೆ, ಪಾತ್ರೆ ತಿಕ್ಕಿದ ನೀರು ಕುಡಿದು ತನ್ನ ಪಾಡಿಗೆ ತಾನು ಮೊಣಕಾಲೆತ್ತರ ಬೆಳೆದಿತ್ತು. ಬಗ್ಗಿದಾಗ ತೋಳು ತಾಗಿತು. ಬಿಳಿ ಅಂಗಿಗೆ ಹಸಿರುಹಳದಿ ಕಲೆ, ಅದರ ಬೆನ್ನಿಗೇ ಆ ವಾಸನೆ. ಟೊಮೆಟೊ ಎಲೆಯ ವಾಸನೆಗೂ ಹಣ್ಣಿನ ವಾಸನೆಗೂ ಸಂಬಂಧವಿಲ್ಲ. ಎಲೆಯದು ಕಟು ವಾಸನೆ, ಏನನ್ನೋ ಬಚ್ಚಿಟ್ಟುಕೊಂಡು ಮಾತಾಡುವವರ ಹತ್ತಿರ ನಿಂತ ಹಾಗೆ. ಗಿಡದಲ್ಲಿ ಎರಡು ಕಾಯಿ ಇದ್ದವು. ನಾನು ಕೈ ತೊಳೆಯುವುದನ್ನು ಬಿಟ್ಟು ಕುಕ್ಕರುಗಾಲಲ್ಲಿ ಕೂತು, ಕಾಯಿಯ ತೊಟ್ಟಿನ ಸುತ್ತ ನಕ್ಷತ್ರದಂತೆ ಹರಡಿಕೊಂಡಿರುವ ಹಸಿರು ಎಸಳುಗಳನ್ನು ಎಣಿಸಿದೆ. ಎರಡು ಕಾಯಿಗೂ ಐದೈದು.

“ಏನ್ ಎಣಸಾಕತ್ತೀರಿ ಭಾವಾರ?” ಎಂದಳು ತಮ್ಮನ ಹೆಂಡತಿ, ಟವೆಲ್ಲು ಹಿಡಿದು.

“ಏನಿಲ್ಲವ್ವ. ಎಲ್ಲಾ ಬರೋಬರಿ ಅದಾವ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರವಿತ್ತು. ಆದರೆ ನಾನು ಎಣಿಸುವುದಕ್ಕೆ ಕಾರಣವಿದೆ. ನಾನು ನಿವೃತ್ತನಾದ ವರ್ಷದ ಮಳೆಗಾಲದಲ್ಲಿ, ರಾಣೆಬೆನ್ನೂರಿನ ನಮ್ಮ ಮನೆಯ ಹಿತ್ತಲಲ್ಲಿ, ಹತ್ತು ಟೊಮೆಟೊ ಕಾಯಿಗಳ ಮೇಲೆ ಒಬ್ಬ ಹೆಣ್ಣುಮಗಳ ಕೆಲಸ ನಿಂತಿತ್ತು. ಈ ಸಂಗತಿ ಅವಳಿಗೆ ಗೊತ್ತಿತ್ತು, ನನ್ನ ಹೆಂಡತಿಗೆ ಗೊತ್ತಿತ್ತು, ಪಕ್ಕದ ಮನೆಯವನಿಗೂ ಗೊತ್ತಿತ್ತು. ಗೊತ್ತಿಲ್ಲದವನು ಗಿಡಗಳ ಮಾಲೀಕನೊಬ್ಬನೇ. ಆ ಮಾಲೀಕ ನಾನು.

ನನ್ನ ಹಿನ್ನೆಲೆಯನ್ನು ಇಲ್ಲಿ ನಿವೇದಿಸಿಕೊಳ್ಳುವುದು ಉಚಿತ. ಮೂವತ್ತೈದು ವರ್ಷ ನಾನು ಬ್ಯಾಡಗಿಯ ಮೆಣಸಿನಕಾಯಿಯನ್ನು ಸಂಶಯಿಸಿ ಸಂಬಳ ತೆಗೆದುಕೊಂಡವನು. ಮಾರುಕಟ್ಟೆಯ ಅಂಗಳದಲ್ಲಿ ಸಾಲಾಗಿ ನಿಂತ ಚೀಲಗಳ ನಡುವೆ ಓಡಾಡುವುದು, ತಳದವರೆಗೆ ಕೈ ಇಳಿಸುವುದು, ಒಂದು ಹಿಡಿ ಹೊರತೆಗೆದು ಅಲ್ಲಾಡಿಸಿ ಬೀಜದ ಸದ್ದು ಕೇಳುವುದು, ತೂಕಕ್ಕೆಂದು ನೀರು ಚಿಮುಕಿಸಿದ್ದಾರೆಯೇ ಎಂದು ಮುರಿದು ನೋಡುವುದು ನನ್ನ ಕೆಲಸ. ಮೇಲಿನ ಹಿಡಿ ನಗುತ್ತಿರುತ್ತದೆ, ತಳದ ಹಿಡಿ ತಲೆ ತಗ್ಗಿಸಿಕೊಂಡಿರುತ್ತದೆ. ಚೀಲದವನನ್ನು ಏನೂ ಕೇಳಬಾರದು ಎಂಬುದು ನನ್ನ ಮೊದಲ ನಿಯಮ. ಕೇಳಿದರೆ ಅವನು ಹೇಳುತ್ತಾನೆ, ಹೇಳಿದರೆ ನಂಬಬೇಕೆನಿಸುತ್ತದೆ, ನಂಬಿದರೆ ಕೆಲಸ ಕೆಟ್ಟಿತು.

ಬೀಳ್ಕೊಡುಗೆಯ ಶಾಲು ಹೊದಿಸಿಕೊಂಡು ಮನೆಗೆ ಬಂದ ಮೇಲೆ ಸಂಶಯಿಸಲು ಏನೂ ಉಳಿಯಲಿಲ್ಲ. ಹಾಲಿನ ಪಾಕೀಟನ್ನು ಬೆಳಕಿಗೆ ಹಿಡಿದು ನೋಡತೊಡಗಿದೆ. ಕಡಲೆಬೇಳೆಯ ಡಬ್ಬಿಯ ತಳಕ್ಕೆ ಕೈ ಇಳಿಸಿದೆ. ನನ್ನ ಹೆಂಡತಿ ಶಾರದಾ ಮೂರು ವಾರ ತಾಳಿಕೊಂಡಳು.

“ರಿಟೈರ್ ಆಗೀರಿ ಖರೆ, ಕಣ್ಣು ಇನ್ನೂ ಡ್ಯೂಟಿ ಮ್ಯಾಲೆ ಅದಾವ,” ಎಂದಳು ನಾಲ್ಕನೆಯ ವಾರ. “ಹಿತ್ತಲದಾಗ ಏನರ ಹಚ್ರಿ. ಮಣ್ಣರ ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ.”

ಹೀಗಾಗಿ ಜುಲೈ ಕೊನೆಯ ಪುಷ್ಯ ಮಳೆಯ ಒಂದು ಬೆಳಿಗ್ಗೆ ಕರ್ಜಗಿಗೆ ಹೋಗಿ, ಪರಿಚಯದ ರೈತನೊಬ್ಬನ ಸಸಿಮಡಿಯಿಂದ ಒಂದು ಡಜನ್ ಸಸಿ ತಂದೆ. “ಇವು ಟಮಾಟಿನ ಹೌದಲ್ಲೋ?” ಎಂದು ಎರಡು ಸಲ ವಿಚಾರಿಸಿದೆ. “ಅಲ್ರಿ ಸಾಹೇಬ್ರ, ತೆಂಗು,” ಎಂದ ಅವನು. ಬಸ್ಸಿನಲ್ಲಿ ಸಸಿಯ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಪಕ್ಕದವರು ಮೂರು ಸಲ ಅದನ್ನು ನೋಡಿದರು. ನಾನು ನಾಲ್ಕು ಸಲ ಅವರನ್ನು ನೋಡಿದೆ.

ರಾಣೆಬೆನ್ನೂರಿನಲ್ಲಿ ಟೊಮೆಟೊ ಹಚ್ಚುವುದು ಧೈರ್ಯದ ಕೆಲಸ. ಇದು ಬೀಜದ ಊರು. ಬಸ್‌ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿನವರೆಗೆ ಯಾವ ಅಂಗಡಿಯ ಬೋರ್ಡು ನೋಡಿದರೂ ಮುಖದಷ್ಟು ದೊಡ್ಡ ಹಣ್ಣಿನ ಚಿತ್ರ. ಹಿತ್ತಲ ಗೇಟಿನ ಮುಂದೆ ಹಾದುಹೋಗುವ ಪ್ರತಿಯೊಬ್ಬನೂ ನಿಂತು ಅಂತರ ಕಮ್ಮಿಯಾಯಿತು, ಗೂಟ ಸಣ್ಣದಾಯಿತು ಎಂದು ತೀರ್ಪು ಕೊಟ್ಟು ಹೋಗುತ್ತಿದ್ದ. ಆದ್ದರಿಂದ ನಾನೊಂದು ಹಲಗೆಯ ಮೇಲೆ ಸುಣ್ಣದಲ್ಲಿ ಆದೇಶ ಬರೆದು ಗಿಡಗಳ ಮುಂದೆ ನಿಲ್ಲಿಸಿದೆ: “ಹಣ್ಣಾಗುವವರೆಗೆ ಯಾರೂ ಮುಟ್ಟತಕ್ಕದ್ದಲ್ಲ.”

“ಮನಿಯವರಿಗೂ ಅನ್ವಯ ಆಗತೈತೇನ್ರಿ?” ಎಂದಳು ಶಾರದಾ.

“ಯಾರೂ ಅಂದ್ರ ಯಾರೂ.”

ಅವಳು ತಲೆಯಾಡಿಸಿದಳು. ತಲೆಯಾಡಿಸಿದ ರೀತಿ ನನಗೆ ಅಂದೇ ಸರಿಬರಲಿಲ್ಲ.

ಇನ್ನು ಗಂಗವ್ವನ ವಿಷಯ. ನಮ್ಮ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ ಅವಳ ಸಂಸಾರ. ಐವತ್ತರ ಆಚೀಚೆ ವಯಸ್ಸು. ಗಂಡ ಲಾರಿಯ ಮೇಲೆ ಹೋದರೆ ವಾರಕ್ಕೊಮ್ಮೆ ಬರುವವನು. ಹಿತ್ತಲ ಗೇಟಿನಿಂದ ಒಳಬಂದು ಶಾರದೆಯ ಜೊತೆ ಚಹಾ ಕುಡಿದು ಹೋಗುವುದು ಹನ್ನೆರಡು ವರ್ಷದ ರೂಢಿ. ಅವಳ ಕೆಲಸ ಕ್ರಾಸಿಂಗ್.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬೀಜಕ್ಕೆಂದೇ ಬೆಳೆಯುವ ಟೊಮೆಟೊ ಹೊಲಗಳಿವೆ. ಅಲ್ಲಿಯ ಹಣ್ಣನ್ನು ಯಾರೂ ತಿನ್ನುವುದಿಲ್ಲ. ಹಿಂಡಿ ಬೀಜ ತೆಗೆದು ತಿರುಳು ಚೆಲ್ಲುತ್ತಾರೆ. ಒಂದು ಜಾತಿಯ ಹೂವಿನ ಪುಡಿಯನ್ನು ಇನ್ನೊಂದು ಜಾತಿಯ ಹೂವಿಗೆ ಮುಟ್ಟಿಸಿ ಕಾಯಿ ಹಿಡಿಸುವ ಕೆಲಸ ಹೆಣ್ಣುಮಕ್ಕಳದು. ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಮಧ್ಯಾಹ್ನ ಚಿಮಟದಿಂದ ಬಿಡಿಸಿ ಒಳಗಿನ ಹಳದಿ ಕೇಸರವನ್ನು ಪೂರ್ತಿ ಕೀಳಬೇಕು, ನಡುವಿನ ಎಳೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಆ ಎಳೆಯ ತುದಿಗೆ ಗಂಡೆಂದು ಆರಿಸಿಕೊಂಡ ಜಾತಿಯ ಹೂವಿನ ಪುಡಿ ಮುಟ್ಟಿಸಬೇಕು. ಮುಟ್ಟಿಸಿದ್ದಕ್ಕೆ ಗುರುತೆಂದು ಹೂವಿನ ಹಿಂದಿನ ಐದು ಹಸಿರು ಎಸಳುಗಳಲ್ಲಿ ಎರಡನ್ನು ಅದೇ ಚಿಮಟದ ಅಂಚಿನಿಂದ ಕತ್ತರಿಸಬೇಕು. ಕಾಯಿ ದೊಡ್ಡದಾದರೂ ಆ ಗುರುತು ಉಳಿಯುತ್ತದೆ. ಕೈ ಒಳ್ಳೆಯದಿದ್ದರೆ ಹಣ್ಣಿನ ತುಂಬ ಬೀಜ. ಕೈ ತಪ್ಪಿದರೆ ಹೂವು ಉದುರುತ್ತದೆ, ಇಲ್ಲವೇ ಹಣ್ಣು ಪೊಳ್ಳು. ಗಂಗವ್ವನ ಕೈ ಹೆಸರಾದ ಕೈ.

ಆ ಬೇಸಿಗೆಯಲ್ಲಿ ಅವಳ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಚಹಾ ಕುಡಿಯಲು ಬರುತ್ತಿದ್ದಳು, ದೊಡ್ಡ ವ್ಯವಹಾರಸ್ಥೆಯಂತೆ ಕಾಣುತ್ತಿದ್ದಳು. ಕನ್ನಡಕ ಬದಲಾಯಿತು, ಆದರೆ ಬೆಳಿಗ್ಗೆ ಹೆಂಗಸರನ್ನು ಹೊಲಕ್ಕೆ ಒಯ್ಯುವ ಟೆಂಪೋ ಅವಳ ಮುಂದೆ ನಿಲ್ಲಲಿಲ್ಲ. ಆ ತಂಡಕ್ಕೆ ರತ್ನವ್ವ ಎಂಬ ಹೆಂಗಸು ಮುಖ್ಯಸ್ಥೆ. ಎಲ್ಲರೂ ಅವಳನ್ನು ಲೀಡರ್ ಎನ್ನುವುದು. ಮೊಗ್ಗು ಕೆಟ್ಟರೆ ಜವಾಬ್ದಾರಿ ಅವಳ ತಲೆಗೆ. ಅವಳು ಗಂಗವ್ವನಿಗೆ ನೇರವಾಗಿಯೇ ಹೇಳಿದ್ದಳು: “ಈ ಸಲ ಬ್ಯಾಡ. ದೀಪಾವಳಿ ಆದ ಮ್ಯಾಲೆ ಹೊಸಾ ಪ್ಲಾಟ್ ಸುರು ಆಗತೈತಿ. ಅಷ್ಟೊತ್ತಿಗೆ ನಿನ್ನ ಕೈಲೆ ಕ್ರಾಸ್ ಮಾಡಿದ್ದು ಹತ್ತು ಹಣ್ಣು ತೋರಸು. ಹಿಂಡಿ ನೋಡ್ತೇನಿ. ಬೀಜ ತುಂಬಿದ್ವು ಅಂದ್ರ ನಿನ್ನ ಸೀಟು ನಿನಗ. ಇಲ್ಲಂದ್ರ ಬ್ಯಾರೆದಕಿನ್ನ ತಗೋತೇನಿ.”

ಗಂಗವ್ವನಿಗೆ ಹಿತ್ತಲಿಲ್ಲ. ನಮಗಿತ್ತು. ಹಿತ್ತಲಲ್ಲಿ ಹನ್ನೆರಡು ಗಿಡ ಹೂವಿಗೆ ಬಂದಿದ್ದವು, ಅವುಗಳ ಮುಂದೆ ನನ್ನ ಆದೇಶ ನಿಂತಿತ್ತು.

ಇದನ್ನೆಲ್ಲ ಈಗ ನಾನು ಬಲ್ಲವನಂತೆ ಬರೆಯುತ್ತಿದ್ದೇನೆ. ಆಗ ನನಗೆ ತಿಳಿದಿದ್ದದ್ದು ಗಂಗವ್ವ ಹೊಲದಲ್ಲಿ ಹೂವಿಗೆ ಏನೋ ಮಾಡುತ್ತಿದ್ದಳು, ಈಗ ಕಣ್ಣಿನ ದೆಸೆಯಿಂದ ಮನೆಯಲ್ಲಿದ್ದಾಳೆ ಎಂಬುದಷ್ಟೇ. ಮೆಣಸಿನಕಾಯಿಯ ಆಚೆಗೆ ನನ್ನ ಕುತೂಹಲ ಎಂದೂ ಕಾಲಿಟ್ಟಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹುಬ್ಬಿ ಮಳೆ ಮುಗಿಯುವ ಹೊತ್ತಿಗೆ ಮೊದಲ ಸಾಕ್ಷ್ಯ ದೊರಕಿತು. ಸಂಜೆ ನೀರು ಹಾಕುವಾಗ ಕೆಲವು ಹೂವುಗಳ ಮುಖ ವಿಚಿತ್ರವಾಗಿ ಕಂಡಿತು. ಹೂವಿನ ನಡುವೆ ಇರಬೇಕಾದ ಹಳದಿ ಮೂಗು ಇಲ್ಲ. ತಿರುಗಿಸಿ ನೋಡಿದರೆ ಹಿಂದೆ ಎರಡು ಎಸಳೂ ಇಲ್ಲ. ಹುಳ ತಿಂದರೆ ಕಚ್ಚಿದ ಹಾಗೆ ಅಂಕುಡೊಂಕಾಗಿರುತ್ತದೆ. ಇದು ನೆಟ್ಟಗೆ ಕತ್ತರಿಸಿದ್ದು. ಒಂದೆರಡಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಎಣಿಸಿದೆ, ಹದಿನೇಳು. ಹದಿನೇಳಕ್ಕೂ ಎರಡೆರಡೇ. ಇಷ್ಟು ಶಿಸ್ತಿನ ಹುಳ ಈ ತಾಲೂಕಿನಲ್ಲಿಲ್ಲ.

ಸಂಶಯ ಸಹಜವಾಗಿ ಕಾಂಪೌಂಡು ಹಾರಿ ಬಸಣ್ಣನ ಮೇಲೆ ಹೋಯಿತು. ಬಸಣ್ಣ ನಿವೃತ್ತ ಬಸ್ ಕಂಡಕ್ಟರ್. ನಾನು ಟೊಮೆಟೊ ಹಚ್ಚಿದ ಮರುವಾರವೇ ತಾನೂ ಹಚ್ಚಿದ್ದ. ಅವನದು ಗುಂಡನೆಯ ಹುಳಿ ಜಾತಿ, ನನ್ನದು ಉದ್ದನೆಯದು. ಮರುದಿನ ನಾನು ಗೋಡೆಯ ಬಳಿ ಸ್ಟೂಲು ಹಾಕಿ ನಿಂತು ವಿಚಾರಣೆ ಆರಂಭಿಸಿದೆ.

“ಬಸಣ್ಣ, ನಮ್ಮ ಗಿಡದ ಕಡೆ ಯಾರರ ಬಂದಿದ್ರೇನು?”

“ಯಾರ್ ಬರ್ತಾರ್ರಿ ಸಾಹೇಬ್ರ? ನಾ ಇಲ್ಲೇ ಕುಂತಿರತೇನಿ. ಟಿಕೆಟ್ ಇಲ್ಲದ ಬೆಕ್ಕನ್ನೂ ಹತ್ತಗೊಡಂಗಿಲ್ಲ.”

“ನಿಮ್ಮ ಗಿಡದಾಗ ಹೂವು ಕಮ್ಮಿ ಆಗ್ಯಾವಲ್ಲ. ಮೊನ್ನೆ ತುಂಬಿದ್ವು.”

ಬಸಣ್ಣ ತನ್ನ ಗಿಡಗಳ ಕಡೆ ತಿರುಗಿ ನೋಡಿದ. ಅವನ ಕಿವಿ ಕೆಂಪಾಯಿತು. “ಅದು… ಗಾಳಿ ಬಿಟ್ಟಿತ್ತರಿ ನಿನ್ನೆ.”

“ನಿನ್ನೆ ಗಾಳೀನ ಇರಲಿಲ್ಲ.”

“ನಮ್ಮ ಕಡೆ ಇತ್ತರಿ. ನಿಮಗ ಕಾಂಪೌಂಡ್ ಅಡ್ಡ ಬಂತು.”

ಇಂಥ ಉತ್ತರ ಕೊಡುವವನ ಚೀಲದ ತಳದಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಆದರೆ ಪುರಾವೆ ಬೇಕಲ್ಲ? ಉತ್ತರಿ ಮಳೆಗೆ ನಾಲ್ಕು ದಿನ ಬಿಡುವು ಸಿಕ್ಕಾಗ ಶಾರದೆಯ ರಂಗೋಲಿ ಡಬ್ಬಿ ತೆಗೆದುಕೊಂಡು ಗಿಡಗಳ ಸುತ್ತ ತೆಳ್ಳಗೆ ಪುಡಿ ಉದುರಿಸಿದೆ. ಊಟ ಮಾಡಿ ಎರಡಕ್ಕೆ ಮಲಗಿ ನಾಲ್ಕಕ್ಕೆ ಏಳುವುದು ನನ್ನ ವ್ರತ. ಎದ್ದು ನೋಡಿದರೆ ಪುಡಿಯ ಮೇಲೆ ಹೆಜ್ಜೆಗಳು. ಹೋದ ಹೆಜ್ಜೆ, ಬಂದ ಹೆಜ್ಜೆ, ಬಹಳ ಹೊತ್ತು ನಿಂತ ಹೆಜ್ಜೆ. ಒಂದು ಜೊತೆ ಅಗಲ, ಇನ್ನೊಂದು ಜೊತೆ ಸಣ್ಣ.

“ಬಟ್ಟಿ ಒಣಹಾಕಾಕ ಹೋಗಿದ್ನಿ,” ಎಂದಳು ಶಾರದಾ, ನಾನು ಕೇಳುವ ಮೊದಲೇ.

“ಎರಡ ನಮೂನಿ ಹೆಜ್ಜಿ ಅದಾವ.”

“ಹೋಗುವಾಗ ಚಪ್ಪಲಿ ಹಾಕ್ಕೊಂಡಿದ್ನಿ, ಬರುವಾಗ ಇಲ್ಲ.”

ಬಟ್ಟೆಯ ಹಗ್ಗ ನಮ್ಮ ಮನೆಯಲ್ಲಿ ಮಾಳಿಗೆಯ ಮೇಲಿದೆ. ನಾನು ಆ ಕ್ಷಣ ಅದನ್ನು ಎತ್ತಲಿಲ್ಲ. ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಕೆಲವು ಚೀಲಗಳಿಗೆ ಕೈ ಇಳಿಸಬಾರದೆಂದು ಕಲಿತಿದ್ದೇನೆ.

ನನ್ನ ದಿನಚರಿಯೇ ನನ್ನ ವಿರುದ್ಧ ಸಾಕ್ಷಿಯಾಗಿ ನಿಂತಿತ್ತೆಂದು ಆಮೇಲೆ ತಿಳಿಯಿತು. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ನಿದ್ದೆ. ಮೊಗ್ಗು ಬಿಡಿಸುವ ಹೊತ್ತೂ ಅದೇ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಗ್ರಂಥಾಲಯದಲ್ಲಿ ನಾನು ಪೇಪರು ಓದುವ ಹೊತ್ತು. ಪುಡಿ ಮುಟ್ಟಿಸುವ ಹೊತ್ತೂ ಅದೇ. ನಾನು ಗೊರಕೆ ಹೊಡೆಯುವಾಗ ಮೊಗ್ಗು ಬಿಡಿಸಿದ್ದಾರೆ, ನಾನು ಸಂಪಾದಕೀಯ ಓದುವಾಗ ಕಾಯಿ ಹಿಡಿಸಿದ್ದಾರೆ. ಸರಕಾರಿ ಯೋಜನೆಯೊಂದು ಇಷ್ಟು ಸಮಯಕ್ಕೆ ಸರಿಯಾಗಿ ನಡೆದದ್ದನ್ನು ನಾನು ಕಂಡಿಲ್ಲ.

ಹಸ್ತ ಮಳೆ ಹನಿಹನಿಯಾಗಿ ಬಂತು. ಹದಿನೇಳರಲ್ಲಿ ಐದು ಹೂವು ಉದುರಿದವು, ಹನ್ನೆರಡು ಕಾಯಿ ಹಿಡಿದವು. ಉಳಿದ ಹೂವುಗಳೂ ತಮ್ಮಷ್ಟಕ್ಕೆ ಕಾಯಿಯಾದವು, ಅವುಗಳಿಗೆ ಐದೂ ಎಸಳಿದ್ದವು. ಹನ್ನೆರಡು ಕಾಯಿಗೆ ಮಾತ್ರ ಮೂರು ಮೂರು. ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಇದು ಅಂಟುವ ರೋಗ, ಇಂದು ಹನ್ನೆರಡು, ನಾಳೆ ಎಲ್ಲ ಎಂದು ಒಂದು ಯೋಚನೆ. ಯಾರೋ ನನ್ನ ಗಿಡಕ್ಕೆ ಗುರುತು ಹಾಕಿ ಇಟ್ಟಿದ್ದಾರೆ, ಹಣ್ಣಾದ ದಿನ ಬಂದು ಒಯ್ಯುತ್ತಾರೆ ಎಂದು ಇನ್ನೊಂದು. ಬೀಜದ ಅಂಗಡಿಗೆ ಹೋಗಿ ಕೇಳಿದ್ದರೆ ಒಂದು ನಿಮಿಷದ ಮಾತು. ನಾನು ಮಾರುವವನನ್ನು ಕೇಳುವವನಲ್ಲ. ಕೇಳಿದರೆ ಔಷಧಿ ಮಾರುತ್ತಾನೆ.

ಅಕ್ಟೋಬರಿನ ಚಿತ್ತಿ ಮಳೆಯ ಒಂದು ಬೆಳಿಗ್ಗೆ, ರಾತ್ರಿಯ ನೀರು ಇನ್ನೂ ಎಲೆಯಿಂದ ತೊಟ್ಟಿಕ್ಕುತ್ತಿರುವಾಗ, ಬ್ಯಾಡಗಿಯ ಅಂಗಳದ ನಿಯಮವನ್ನು ಹಿತ್ತಲಿಗೆ ಜಾರಿ ಮಾಡಿದೆ: ಕೆಟ್ಟದ್ದನ್ನು ಮೊದಲು ಬೇರೆ ಮಾಡು. ಅಡುಗೆಮನೆಯ ಅಗಲ ತಾಟು, ಪರಾತ ಹಿಡಿದು ಗುರುತಿನ ಕಾಯಿಗಳನ್ನು ಕೀಳುತ್ತ ಹೋದೆ. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದಕ್ಕೆ ಕೈ ಹಾಕಿದಾಗ ಹಿಂದಿನಿಂದ ಕೂಗು ಕೇಳಿತು.

“ಅಯ್ಯೋ! ಬಿಡ್ರಿ! ಬಿಡ್ರಿ ಅದನ್ನ!”

ಶಾರದಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಮುಂಗೈ ಹಿಡಿದಳು. ಮದುವೆಯಾದ ಮೇಲೆ ಅವಳು ಹಾಗೆ ಹಿಡಿದದ್ದು ಅದೇ ಮೊದಲು.

“ರೋಗದ ಕಾಯಿ ತಗಿಯಾಕತ್ತೇನಿ. ನೋಡಿಲ್ಲಿ, ಎಸಳ…”

“ರೋಗ ಅಲ್ಲರಿ ಅದು, ಗಂಗವ್ವ!”

“ಗಂಗವ್ವ ಹೆಂಗ ರೋಗ ಆಗತಾಳ?”

“ಅವು ಗಂಗವ್ವನ ಕಾಯಿರಿ. ಅಕಿ ಕ್ರಾಸ್ ಮಾಡಿದ್ದು. ಹತ್ತು ಹಣ್ಣು ತೋರಿಸಿದ್ರ ಅಷ್ಟ ಅಕಿನ್ನ ಟೆಂಪೋ ಹತ್ತಸ್ತಾರ. ಹನ್ನೆರಡ ಹಿಡದಿದ್ವು. ನೀವು ಎಷ್ಟ ಕಿತ್ತೀರಿ?”

ಪರಾತವನ್ನು ಅವಳೇ ನೋಡಿದಳು. ಐದು. ಗಿಡದಲ್ಲಿ ಏಳು. ಅವಳು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕುಳಿತುಬಿಟ್ಟಳು, ಹಿಟ್ಟಿನ ಕೈ ಮಡಿಲಲ್ಲಿಟ್ಟುಕೊಂಡು. ಎಲ್ಲವನ್ನೂ ಆಗ ಹೇಳಿದಳು. ರತ್ನವ್ವನ ಮಾತು, ಮಧ್ಯಾಹ್ನದ ಚಿಮಟ, ಬೆಳಗಿನ ಪುಡಿ, ಕಾಯಿ ಹಿಡಿದಿದೆಯೇ ಎಂದು ನೋಡಲು ಆಮೇಲೂ ಬಂದ ಹೆಜ್ಜೆ. ಪುಡಿಗೆ ಗಂಡು ಹೂವು ಕೊಟ್ಟವನು ಬಸಣ್ಣ. ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಒಂದು ಬಟ್ಟಲು ಹೂವು ದಾಟಿಸುತ್ತಿದ್ದನಂತೆ.

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ಅರ್ಜಿ ಕೊಡು ಅಂತಿದ್ರಿ. ಎರಡ ಪ್ರತಿ.”

ಎರಡಲ್ಲ, ಮೂರು ಪ್ರತಿ ಕೇಳುತ್ತಿದ್ದೆ.

ಗೋಡೆಯ ಆಚೆಯಿಂದ ಬಸಣ್ಣನ ತಲೆ ಮೇಲೆದ್ದಿತು. ಕೂಗಾಟವೆಲ್ಲ ಅವನಿಗೆ ಕೇಳಿರಬೇಕು. “ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ,” ಎಂದ. “ಗಂಡಿನ ಕಡೆಯವರು ನಾವು, ಹೆಣ್ಣಿನ ಕಡೆಯವರು ನೀವು. ಹಂಗ ನೋಡಿದ್ರ ಈಗ ನಾವು ಬೀಗರು.” ನಾನು ನಗಲಿಲ್ಲ. ಅವನೂ ಪರಾತ ನೋಡಿದ ಮೇಲೆ ಮೆಲ್ಲಗೆ ಇಳಿದುಹೋದ.

ಗಂಗವ್ವ ಬಂದಾಗ ನಾನು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಅಷ್ಟು ಮರ್ಯಾದೆ ಉಳಿಸಿಕೊಂಡೆ. ಶಾರದಾ ಪರಾತವನ್ನು ಅವಳ ಮುಂದಿಟ್ಟಳು. ಗಂಗವ್ವ ಕೂಗಲಿಲ್ಲ. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು ಒಂದೊಂದೇ ಕಾಯಿಯನ್ನು ಎತ್ತಿ, ತೊಟ್ಟಿನ ಸುತ್ತ ಬೆರಳಾಡಿಸಿ, ಉಗುರಿನಿಂದ ಮೆಲ್ಲಗೆ ಒತ್ತಿ, ಎರಡು ಗುಂಪು ಮಾಡಿದಳು.

“ಈ ಎರಡು ಬಲಿತಾವ ಅಕ್ಕಾರ. ಜ್ವಾಳದ ಚೀಲದಾಗ ಹುಗದಿಡ್ರಿ, ಕೆಂಪಾದ್ರೂ ಆದಾವು. ಈ ಮೂರು ಎಳೇವು. ಹೋದ್ವು.”

“ಹೊಸಾ ಹೂವಿಗೆ ಮಾಡಾಕ ಬರಂಗಿಲ್ಲೇನು?” ಎಂದೆ. ನನ್ನ ಧ್ವನಿ ನನಗೇ ಚೀಲದವನ ಧ್ವನಿಯಂತೆ ಕೇಳಿಸಿತು.

“ಹಣ್ಣಾಗಾಕ ಒಂದೂವರಿ ತಿಂಗಳು ಬೇಕರಿ. ಅಷ್ಟೊತ್ತಿಗೆ ದೀಪಾವಳಿ ಮುಗದಿರತೈತಿ.” ಅವಳು ಸೆರಗು ಕೊಡವಿ ಎದ್ದಳು. ಗೇಟಿನ ತನಕ ಹೋಗಿ ತಿರುಗಿದಳು. “ಒಂದ ಮಾತು ನಮ್ಮನ್ನ ಕೇಳಬಹುದಿತ್ತಲ್ಲರಿ ಸಾಹೇಬ್ರ.”

ಅವಳ ಮಾತಿನಲ್ಲಿ ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಸಿಟ್ಟಿರಲಿಲ್ಲ.

ಅಂದಿನಿಂದ ನಾನು ಮಧ್ಯಾಹ್ನದ ನಿದ್ದೆ ಬಿಟ್ಟೆ. ಗ್ರಂಥಾಲಯ ಬಿಟ್ಟೆ. ಕುರ್ಚಿ ಹಾಕಿಕೊಂಡು ಏಳು ಕಾಯಿಗಳ ಎದುರು ಕುಳಿತೆ. ಸಂಶಯ ಹೋಗಲಿಲ್ಲ, ವರ್ಗಾವಣೆಯಾಯಿತು ಅಷ್ಟೇ. ಪಿಕಳಾರ ಹಕ್ಕಿ ಬಾಳೆಗಿಡದ ಮೇಲೆ ಕೂತು ಕತ್ತು ಓರೆ ಮಾಡಿದರೆ ನನ್ನ ಕೈ ಬಡಿಗೆಗೆ ಹೋಗುತ್ತಿತ್ತು. ಅಳಿಲನ್ನು ನಂಬಲಿಲ್ಲ. ಸ್ವಾತಿಯ ಮೋಡವನ್ನು ನಂಬಲಿಲ್ಲ. ಹಣ್ಣಾಗುವ ಹೊತ್ತಿಗೆ ಜೋರು ಮಳೆಯಾದರೆ ಟೊಮೆಟೊ ಸಿಡಿಯುತ್ತದೆಂದು ಗಂಗವ್ವ ಹೇಳಿದ್ದಳು, ಹಳೆಯ ಕೊಡೆ ನಾಲ್ಕನ್ನು ಗೂಟಕ್ಕೆ ಕಟ್ಟಿ ಗಿಡಗಳಿಗೆ ಹಿಡಿದೆ. ದಾರಿಹೋಕರು ಈಗ ಸಲಹೆ ಕೊಡುವುದನ್ನು ನಿಲ್ಲಿಸಿದರು. ಕೊಡೆ ಹಿಡಿದ ಟೊಮೆಟೊ ಗಿಡದ ಪಕ್ಕ ಬಡಿಗೆ ಹಿಡಿದು ಕೂತವನಿಗೆ ಯಾರು ಸಲಹೆ ಕೊಡುತ್ತಾರೆ?

ಬೆಳಿಗ್ಗೆ ಆರೂವರೆಗೆ ಮುಖ್ಯ ರಸ್ತೆಯಲ್ಲಿ ಟೆಂಪೋ ಹೋಗುವ ಸದ್ದು ಕೇಳುತ್ತಿತ್ತು, ಒಳಗೆ ಹೆಂಗಸರ ನಗು. ಆ ಹೊತ್ತಿಗೆ ಸರಿಯಾಗಿ ಹಿಂದಿನ ಓಣಿಯಲ್ಲಿ ಗಂಗವ್ವ ತನ್ನ ಬಾಗಿಲ ಮುಂದೆ ಕಸ ಗುಡಿಸುತ್ತಿರುತ್ತಿದ್ದಳು. ಟೆಂಪೋ ದಾಟುವ ತನಕ ಕಸಬರಿಗೆ ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಸದ್ದು. ಇಷ್ಟು ತಿಂಗಳು ಅದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಹಣ್ಣಾಗುವುದನ್ನು ಕಾಯುವುದು ಮನುಷ್ಯನಿಗೆ ತಕ್ಕ ಕೆಲಸವಲ್ಲ. ಕಾಯಿ ದಿನಗಟ್ಟಲೆ ಹಸಿರಾಗಿಯೇ ಇರುತ್ತದೆ, ಇನ್ನು ಮುಂದೆಯೂ ಹೀಗೇ ಇರುವುದೆಂದು ಒಂದು ಮುಂಜಾನೆ ನಾವು ಒಪ್ಪಿಕೊಂಡುಬಿಡುತ್ತೇವೆ. ಆಮೇಲೆ ಹಸಿರು ಬಿಳಚುತ್ತದೆ. ತಳದಲ್ಲಿ ಒಂದು ಮಸುಕು ಹಳದಿ ಏಳುತ್ತದೆ, ಕನ್ನಡಕ ಒರೆಸಿ ನೋಡಿದರೆ ಇಲ್ಲ, ಸಂಜೆ ಮತ್ತೆ ಇದೆ. ಟೊಮೆಟೊ ತಳದಿಂದ ಹಣ್ಣಾಗುತ್ತದೆ. ಮೂವತ್ತೈದು ವರ್ಷ ಚೀಲಗಳ ತಳವನ್ನು ಅಪನಂಬಿಕೆಯಿಂದ ತಡವಿದ ನನಗೆ, ನಿಜ ಮೊದಲು ತಳದಲ್ಲಿ ಕಾಣಿಸಿಕೊಂಡದ್ದು ಹೊಸದು.

ನರಕಚತುರ್ದಶಿಯ ಹೊತ್ತಿಗೆ ಏಳೂ ಕೆಂಪಾದವು. ಜೋಳದ ಚೀಲದಲ್ಲಿದ್ದ ಎರಡೂ ಸ್ವಲ್ಪ ಬಿಳಚಿಕೊಂಡೇ ಕೆಂಪಾದವು. ಮೂರು ಎಳೆಯವು ಸುಕ್ಕುಗಟ್ಟಿ ಹೋದವು. ಏಳು ಮತ್ತು ಎರಡು ಒಂಬತ್ತು. ಎಷ್ಟು ಸಲ ಕೂಡಿಸಿದರೂ ಒಂಬತ್ತು.

ಪಾಡ್ಯದ ಮರುದಿನ ಬೆಳಿಗ್ಗೆ ಹತ್ತಕ್ಕೆ ರತ್ನವ್ವ ಬರುವವಳಿದ್ದಳು. ಎಂಟಕ್ಕೆ ನಾನು ಹಿತ್ತಲಲ್ಲಿ ಒಬ್ಬನೇ ಇದ್ದೆ. ಪರಾತದಲ್ಲಿ ಒಂಬತ್ತು ಹಣ್ಣು. ಮೂರನೆಯ ಗಿಡದಲ್ಲಿ, ತಾನಾಗಿ ಕಾಯಿ ಹಿಡಿದು ತಾನಾಗಿ ಹಣ್ಣಾದದ್ದೊಂದು ತೂಗುತ್ತಿತ್ತು. ಅದೇ ಗಾತ್ರ, ಅದೇ ಬಣ್ಣ. ಒಳಗೆ ಬೀಜವೂ ತುಂಬಿಯೇ ಇರುತ್ತದೆ. ಕಡಿಮೆಯಿದ್ದದ್ದು ಏನೂ ಇಲ್ಲ. ಹೆಚ್ಚಿದ್ದದ್ದು ಎರಡು ಎಸಳು.

ಒಳಗೆ ಹೋಗಿ ಮೀಸೆಯ ಕತ್ತರಿ ತಂದೆ.

ಆಗ ನನ್ನ ಮನಸ್ಸಿನಲ್ಲಿ ಹಾಯ್ದುಹೋದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ತಪ್ಪು ನನ್ನದು, ಸರಿಪಡಿಸುತ್ತಿದ್ದೇನೆ, ಯಾರಿಗೂ ನಷ್ಟವಿಲ್ಲ. ಚೀಲಕ್ಕೆ ನೀರು ಚಿಮುಕಿಸಿ ಸಿಕ್ಕಿಬಿದ್ದವರೆಲ್ಲ ನನ್ನೆದುರು ಹೇಳಿದ್ದು ಇಂಥದ್ದೇ. ನಾನು ಎರಡು ಎಸಳನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿದೆ, ತುಣುಕುಗಳನ್ನು ಜೇಬಿಗೆ ಹಾಕಿಕೊಂಡೆ, ಹಣ್ಣನ್ನು ಪರಾತದ ನಡುವೆ ಇಟ್ಟೆ.

“ಒಂದ ಎಲಿ ಹಿಂದ ಅಡಗಿತ್ತು ನೋಡು,” ಎಂದೆ ಶಾರದೆಗೆ.

ಅವಳು ಪರಾತ ನೋಡಿದಳು, ನನ್ನನ್ನು ನೋಡಿದಳು. “ಹೌದೇನ್ರಿ?” ಎಂದಳು. ಆ ಮಾತನ್ನು ಬ್ಯಾಡಗಿಯಲ್ಲಿ ನಾನು ಆಡುತ್ತಿದ್ದ ಧಾಟಿಯಲ್ಲೇ ಆಡಿದಳು.

ಹತ್ತಕ್ಕೆ ರತ್ನವ್ವ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕೀಲಿಗೊಂಚಲು. ಹಿಂದಿನಿಂದ ಗಂಗವ್ವ ಬಂದಳು, ಹಬ್ಬಕ್ಕೆ ಉಟ್ಟ ಸೀರೆಯಲ್ಲಿ. ರತ್ನವ್ವ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಒಂದು ಬಕೀಟು ನೀರು, ಒಂದು ಜರಡಿ ಕೇಳಿದಳು. ಗಂಗವ್ವ ನಳದ ಕಟ್ಟೆಗೆ ಒರಗಿ ದೂರದಲ್ಲೇ ನಿಂತಳು, ಹತ್ತಿರ ಬರಲಿಲ್ಲ. ಗೋಡೆಯ ಮೇಲೆ ಬಸಣ್ಣನ ತಲೆ ತನ್ನ ಜಾಗದಲ್ಲಿತ್ತು.

ರತ್ನವ್ವ ಹಣ್ಣನ್ನು ಎತ್ತುವುದು, ಕತ್ತರಿಸಿದ ಗುರುತಿಗೆ ಹೆಬ್ಬೆರಳು ಸವರುವುದು, ಒಡೆದು ಜರಡಿಗೆ ಹಿಂಡುವುದು, ನೀರಿಗೆ ಅದ್ದಿ ಅಲ್ಲಾಡಿಸುವುದು. ತಿರುಳು ಹರಿದುಹೋದ ಮೇಲೆ ಜರಡಿಯ ತಳದಲ್ಲಿ ಬೀಜ. ಮೊದಲನೆಯದು ತುಂಬಿತ್ತು. ಎರಡು, ಮೂರು, ನಾಲ್ಕು ತುಂಬಿದ್ದವು. ಐದನೆಯದು ಹಿಂಡುವಾಗ ಸ್ವಲ್ಪ ಪೊಳ್ಳು ಸದ್ದಾಯಿತು. ಶಾರದಾ ನನ್ನ ತೋಳು ಹಿಡಿದಳು. ಬೀಜ ಬಂತು, ಕಮ್ಮಿ, ಆದರೆ ಬಂತು. ಜೋಳದ ಚೀಲದ ಎರಡರಲ್ಲೂ ಬೀಜ ಗಟ್ಟಿಯಾಗಿತ್ತು. ಒಂಬತ್ತು ಮುಗಿಯಿತು. ರತ್ನವ್ವ ಹತ್ತನೆಯದನ್ನು ಎತ್ತಿಕೊಂಡು ಹೆಬ್ಬೆರಳು ಸವರಿ ಒಡೆಯಲು ಹೊರಟಳು.

“ನಿಂದ್ರವಾ,” ಎಂದಳು ಗಂಗವ್ವ, ನಳದ ಕಟ್ಟೆಯಿಂದಲೇ. “ಅದು ನಂದಲ್ಲ.”

“ಎಸಳ ಕತ್ತರಿಸೇತಲ್ಲ?”

“ಕತ್ತರಿಸೇತಿ. ಹೂವಿದ್ದಾಗ ಕತ್ತರಿಸಿದ್ದಲ್ಲ. ನಂದಾಗಿದ್ರ ಅಂಚು ಒಣಗಿ ಒಳಗ ಮಡಚಿರತಿತ್ತು. ಇದು ಹಸೀದೈತಿ, ಇವತ್ತಿಂದು. ಚಿಮಟದ್ದೂ ಅಲ್ಲ, ಕತ್ತರೀಲೆ ಮಾಡ್ಯಾರ.”

ರತ್ನವ್ವ ಹಣ್ಣನ್ನು ಕಣ್ಣ ಹತ್ತಿರ ತಂದಳು. ಸಾಲದೆ ಚೀಲ ತಡಕಾಡಿ ಕನ್ನಡಕ ತೆಗೆದು ಹಾಕಿಕೊಂಡಳು. ಬೆಳಕಿಗೆ ಹಿಡಿದು ತಿರುಗಿಸಿದಳು. ಶಾರದಾ ಹಣ್ಣನ್ನು ನೋಡಲಿಲ್ಲ. ನನ್ನ ಮೀಸೆಯನ್ನು ನೋಡಿದಳು.

“ಇದು ಯಾರ ಕೈ?” ಎಂದಳು ರತ್ನವ್ವ.

ಮೂರು ಹೆಂಗಸರು ಮತ್ತು ಒಂದು ತಲೆ ನನ್ನ ಕಡೆ ತಿರುಗಿದವು. ಇಂಥ ಪ್ರಶ್ನೆಯನ್ನು ನಾನು ಎಷ್ಟೋ ಸಾವಿರ ಸಲ ಕೇಳಿರಬೇಕು. ಉತ್ತರಿಸುವ ಕಡೆ ಎಂದೂ ನಿಂತಿರಲಿಲ್ಲ. ಜೇಬಿನಿಂದ ಎರಡು ಎಸಳಿನ ತುಣುಕು ತೆಗೆದು ಅಂಗೈಯಲ್ಲಿ ತೋರಿಸಿದೆ.

“ನಂದು,” ಎಂದೆ. “ಗಂಗವ್ವಗ ಗೊತ್ತಿಲ್ಲ. ಅಕಿ ಹನ್ನೆರಡ ಹಿಡಿಸಿದ್ಲು. ನಾ ಐದು ಕಿತ್ತೆ.”

ರತ್ನವ್ವ ಗಂಗವ್ವನ ಕಡೆ ತಿರುಗಿದಳು. “ಹತ್ತು ಅಂದಿದ್ನಿ ನಾ.”

“ಒಂಬತ್ತ ಅದಾವವ್ವ,” ಎಂದಳು ಗಂಗವ್ವ. ಸುಮ್ಮನಿದ್ದಿದ್ದರೆ ಹತ್ತಾಗುತ್ತಿತ್ತೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು.

ರತ್ನವ್ವ ಮೆಟ್ಟಿಲಿನಿಂದ ನಳದ ಕಟ್ಟೆಯವರೆಗಿನ ನೆಲವನ್ನು ಕಣ್ಣಲ್ಲೇ ಅಳೆದಳು. “ಅಲ್ಲಿಂದ ಕಾಣತೈತೇನು ನಿನಗ ಎಸಳಿನ ಅಂಚು?”

“ಕಾಣತೈತಿ.”

ರತ್ನವ್ವ ತನ್ನ ಕನ್ನಡಕ ತೆಗೆದು ಒಂದು ಗಳಿಗೆ ಅದನ್ನೇ ನೋಡಿ ಚೀಲಕ್ಕೆ ಹಾಕಿದಳು. “ನಾಳಿ ಆರೂವರಿಗೆ ರೋಡಿಗೆ ಬಂದು ನಿಂದ್ರು. ಚಿಮಟ ತಗೊಂಡು ಬಾ, ಮತ್ತ ನಂದ ಕೇಳಬ್ಯಾಡ.”

ಗಂಗವ್ವ ನಳ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು, ಎರಡು ಸಲ, ಮೂರು ಸಲ. ಶಾರದಾ ಒಳಗೆ ಚಹಾಕ್ಕೆ ಇಡಲು ಓಡಿದಳು.

ರತ್ನವ್ವ ಕೈ ತೊಳೆದು ಎದ್ದು ನಿಂತು, ಮೊದಲ ಸಲ ನನ್ನ ಕಡೆ ನೋಡಿ ನಕ್ಕಳು. “ಸಾಹೇಬ್ರ, ಈ ಸಲ ಮಂದಿ ಕಮ್ಮಿ ಅದಾರ. ನೀವೂ ಬರ್ತೀರೇನು ಟೆಂಪೋದಾಗ? ಎಸಳ ಕತ್ತರಿಸಾಕ ಆಗತೈತಿ.”

ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ನಗದೆ, ಒಂದು ಕಸುಬಿನವರು ಇನ್ನೊಂದು ಕಸುಬಿನವರ ಬಗ್ಗೆ ಹೇಳುವಷ್ಟೇ ಗಂಭೀರವಾಗಿ ಹೇಳಿದಳು:

“ಬ್ಯಾಡವ್ವ. ಅವರ ಕೈ ಖಾತ್ರಿ ಇಲ್ಲ.”